ಮೂರು ಕಾಲಿದ್ದದ್ದೆಲ್ಲ ಮೆಷಿನ್ ಗನ್

ಒಂದೂವರೆ ವರ್ಷ ನನ್ನ ಕೆಲಸ ಮೆಷಿನ್ ಗನ್ನುಗಳಿಗೆ ಕೆಂಪು ಡಬ್ಬ ಹಾಕಿಸುವುದಾಗಿತ್ತು. ಡಬ್ಬ ಎಂದರೆ ತಗಡಿನದಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಮೌಸ್ ಎಳೆದು ಬರೆಯುವ ಚೌಕ. ಯಾವುದೋ ದೂರದ ದೇಶದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಹಳೆಯ ಯುದ್ಧಗಳ ಫೋಟೋಗಳು, ಆಗಿನ ಪತ್ರಿಕೆಗಳ ವ್ಯಂಗ್ಯಚಿತ್ರಗಳು ರಾಶಿ ಬಿದ್ದಿದ್ದವಂತೆ. ಅವನ್ನೆಲ್ಲ ಸ್ಕ್ಯಾನ್ ಮಾಡಿ, ಯಾವುದರಲ್ಲಿ ಏನಿದೆ ಎಂದು ಕಂಪ್ಯೂಟರಿಗೆ ಕಲಿಸಬೇಕಿತ್ತು. ಆ ಕೆಲಸ ಒಬ್ಬರಿಂದ ಒಬ್ಬರ ಕೈಗೆ ದಾಟುತ್ತ ದಾಟುತ್ತ ಎಲೆಕ್ಟ್ರಾನಿಕ್ ಸಿಟಿ ಎರಡನೇ ಹಂತದ ಒಂದು ಕಟ್ಟಡದ ಮೂರನೇ ಮಹಡಿಗೆ ಬಂದು ಬಿತ್ತು. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ನಾವು ಇಪ್ಪತ್ತೆಂಟು ಹೆಂಗಸರು. ನಾನು ಟೀಮ್ ಲೀಡ್.

ಮೆಷಿನ್ ಗನ್ನಿಗೆ ಕೆಂಪು, ಫಿರಂಗಿಗೆ ನೀಲಿ, ಕೋವಿಗೆ ಹಳದಿ. ಡಬ್ಬ ಬಿಗಿಯಾಗಿರಬೇಕು. ಗನ್ ಹಿಡಿದವನ ಬೆರಳು ಒಳಗೆ ಬಂದರೆ ಪರವಾಗಿಲ್ಲ, ಮುಖ ಬರಬಾರದು. ಸತ್ತು ಬಿದ್ದವರಿಗೆ ಬಣ್ಣವೇ ಇರಲಿಲ್ಲ. ಹೊಸದಾಗಿ ಸೇರಿದವರು ಮೊದಲ ದಿನ ಕೇಳೇ ಕೇಳುತ್ತಿದ್ದರು: "ಮೇಡಂ, ಇಲ್ಲಿ ಹೆಣ ಬಿದ್ದಿದೆಯಲ್ಲ, ಇದಕ್ಕೇನ್ ಹಾಕ್ಲಿ?"

"ಏನೂ ಹಾಕ್ಬೇಡ. ಅದು ಬ್ಯಾಕ್‌ಗ್ರೌಂಡು. ಮರ, ಕಲ್ಲು, ಮೋಡ ಇದ್ದಂಗೆ," ಎನ್ನುತ್ತಿದ್ದೆ. ಮೂರನೇ ದಿನಕ್ಕೆ ಯಾರೂ ಕೇಳುತ್ತಿರಲಿಲ್ಲ.

ನನ್ನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿ ತೆರೆದರೆ ಎದುರಿಗಿದ್ದವರಿಗೆ ಮಂಗಳಾರತಿ. ನಮ್ಮದು ಇಲ್ಲೇ ಹುಟ್ಟಿ ಬೆಳೆದ ಒಕ್ಕಲು ಮನೆ. ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಒಂದು ಕಂಪನಿಯ ಈಜುಕೊಳವಿದೆ. ಉಳಿದ ತುಂಡು ಜಾಗದಲ್ಲಿ ಗಂಡ ಬಾಡಿಗೆ ರೂಮುಗಳನ್ನು ಕಟ್ಟಿಸಿದ್ದಾನೆ. ಹೊಟ್ಟೆಪಾಡಿಗೆ ನಾನು ದುಡಿಯಲೇಬೇಕು ಅಂತೇನಿರಲಿಲ್ಲ. "ನಿಂಗ್ಯಾಕಮ್ಮ ಈ ಕರ್ಮ, ತಣ್ಣಗೆ ಮನೇಲಿರಬಾರ್ದಾ? ಅಂಗ್ಯಾಕೆ ಓಡೋಯ್ತೀಯ ದಿನಾ?" ಎಂದು ಅತ್ತೆ ಕೇಳುತ್ತಿದ್ದರು. ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಆಫೀಸಿನಲ್ಲಿ ನಾನು ಕುರ್ಚಿ ಸರಿಸಿದರೆ ಇಪ್ಪತ್ತೇಳು ತಲೆಗಳು ತಿರುಗುತ್ತಿದ್ದವು. ನನಗೆ ಅದರ ರುಚಿ ಹತ್ತಿಬಿಟ್ಟಿತ್ತು.

ಆ ದರ್ಬಾರಿಗೆ ಒಂದು ಆಯುಧವೂ ಇತ್ತು. ಅದನ್ನು ನಾವು ಗೋಲ್ಡ್ ಎನ್ನುತ್ತಿದ್ದೆವು. ಒಬ್ಬೊಬ್ಬಳಿಗೂ ಬರುವ ನೂರು ಚಿತ್ರಗಳಲ್ಲಿ ಹತ್ತು ಚಿತ್ರಗಳು ಗುಟ್ಟಿನ ಪರೀಕ್ಷೆ. ಯಾವ ಹತ್ತು ಎಂಬುದು ಅವರಿಗೆ ಗೊತ್ತಿರುತ್ತಿರಲಿಲ್ಲ. ಅವುಗಳ ಸರಿಯುತ್ತರವನ್ನು ನಾನು ಮೊದಲೇ ಹಾಕಿಟ್ಟಿರುತ್ತಿದ್ದೆ. ಅದಕ್ಕೆ ಕೀ ಎಂದು ಹೆಸರು. ಗೋಲ್ಡ್ ಚಿತ್ರದಲ್ಲಿ ತಪ್ಪಿದರೆ ಅದೇ ಚಿತ್ರ ಮತ್ತೆ ಅವಳಿಗೇ ಬರುತ್ತಿತ್ತು. ಮೂರನೇ ಸಲವೂ ನನ್ನ ಉತ್ತರಕ್ಕೆ ಹೊಂದದಿದ್ದರೆ ಅವಳ ಐಡಿ ತಾನಾಗಿ ಬೀಗ ಹಾಕಿಕೊಳ್ಳುತ್ತಿತ್ತು. ಆಮೇಲೆ ಬ್ಯಾಗ್ ತೆಗೆದುಕೊಂಡು ಮನೆಗೆ ಹೋಗುವುದೊಂದೇ ದಾರಿ. ಚಿತ್ರದಲ್ಲಿ ನಿಜಕ್ಕೂ ಏನಿದೆ ಎಂದು ಕಂಪ್ಯೂಟರ್ ಕೇಳುತ್ತಿರಲಿಲ್ಲ, ನಾನು ಏನೆಂದಿದ್ದೇನೆ ಎಂದಷ್ಟೇ ನೋಡುತ್ತಿತ್ತು.

ಈ ಕತೆಯ ಹೆಂಗಸು ಕೆಲಸ ಕೇಳಿಕೊಂಡು ಬಂದದ್ದು ಒಂದು ಬೇಸಿಗೆಯಲ್ಲಿ. ಕೊಪ್ಪಳದ ಕಡೆಯವಳು, ಮೂವತ್ತೈದರ ಸುಮಾರು, ಪಿಯುಸಿ ಪಾಸು. ಗಂಡ ಗಾರೆ ಕೆಲಸದವನು. ಊರಿನಿಂದ ಬಂದ ಹೊಸದರಲ್ಲಿ ಸರ್ಜಾಪುರದ ಕಡೆಯ ಲೇಔಟುಗಳಲ್ಲಿ ಮಣ್ಣು ಹೊತ್ತಿದ್ದಳು, ಆಮೇಲೆ ಆರು ವರ್ಷ ಜಿಗಣಿಯ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಪಾಲಿಶ್. ಇಂಟರ್‌ವ್ಯೂನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದಳು. ನಾನು ಮುಖ ಸಿಂಡರಿಸಿದ್ದನ್ನು ನೋಡಿ ತಾನೇ ಹೇಳಿದಳು: "ಅಂಟು ರೋಗ ಅಲ್ರಿ ಮೇಡಂ. ಕಲ್ಲಿನ ಧೂಳು. ಡಾಕ್ಟ್ರು ಹೇಳ್ಯಾರ್ರಿ, ಧೂಳು ಬಿಟ್ರ ಬದುಕ್ತಿ, ಮತ್ತ ಹೋದ್ರ ನನ್ನ ಕಡೆ ಬರಬ್ಯಾಡ ಅಂತ. ಒಳಗ ಕುಂತು ಮಾಡೋ ಕೆಲಸ ಯಾವುದಾದ್ರೂ ಮಾಡ್ತೀನ್ರಿ."

ಹಾಗಾಗಿ ಅವಳಿಗೆ ಈ ಕುರ್ಚಿ ಎಂದರೆ ಏನು ಎನ್ನುವುದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಾಗಿಲ್ಲ. ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಒದ್ದೆ ಬಟ್ಟೆಯಿಂದ ಮೇಜು, ಕೀಬೋರ್ಡು, ಮೌಸಿನ ಹೊಟ್ಟೆ ಎಲ್ಲ ಒರೆಸುತ್ತಿದ್ದಳು. ಒಂದು ಚೂರು ಧೂಳು ಕಂಡರೂ ಅವಳ ಮುಖ ಬದಲಾಗುತ್ತಿತ್ತು. ಎರಡು ತಿಂಗಳಲ್ಲಿ ಕೆಮ್ಮು ಅರ್ಧಕ್ಕರ್ಧ ಇಳಿದಿತ್ತು. "ಮೆಟ್ಟಿಲ ಹತ್ತಿ ಬರಾಕ ಈಗ ನಡುವ ನಿಲ್ಲಂಗಿಲ್ರಿ ನಾನು," ಎಂದು ಒಂದು ದಿನ ಖುಷಿಯಿಂದ ಹೇಳಿದಳು. ನಾನು ಫೋನ್ ನೋಡುತ್ತಿದ್ದೆ, ಹೂಂ ಎಂದೆ.

ಕೆಲಸದಲ್ಲಿ ಮಾತ್ರ ಮೊದಮೊದಲು ಆಮೆ. ಎರಡನೇ ವಾರ ಅವಳಿಗೊಂದು ಗೋಲ್ಡ್ ಚಿತ್ರ ಬಂತು. ನೀರಿನಿಂದ ತಣ್ಣಗಾಗುವ ಹಳೇ ಕಾಲದ ಮೆಷಿನ್ ಗನ್: ದಪ್ಪ ಕೊಳವೆ, ಅದರಿಂದ ಇಳಿದ ರಬ್ಬರ್ ಪೈಪು, ಪೈಪಿನ ತುದಿ ಒಂದು ನೀರಿನ ಡಬರಿಯೊಳಗೆ. ಹಿಂದೆ ಒಬ್ಬ ಕೂತಿದ್ದಾನೆ. ಇವಳು ಕೆಂಪು ಡಬ್ಬ ಹಾಕದೆ, ಪಕ್ಕದ ಷರಾ ಕಾಲಮ್ಮಿನಲ್ಲಿ 'ಹತ್ತಿಗೆ ಎಣ್ಣಿ ಹೊಡಿಯೋ ಪಂಪು' ಎಂದು ಟೈಪ್ ಮಾಡಿದ್ದಳು.

ಅಯ್ಯೋ ಶಿವನೇ! ನನಗೆ ಹಬ್ಬ. ಮರುದಿನ ಬೆಳಗಿನ ಮೀಟಿಂಗಿನಲ್ಲಿ ಆ ಚಿತ್ರವನ್ನು ಗೋಡೆಯ ದೊಡ್ಡ ಪರದೆಗೆ ಹಾಕಿಸಿದೆ. "ಎಲ್ರೂ ನೋಡ್ರಪ್ಪ, ನಮ್ಮಲ್ಲೊಬ್ಬರು ಕೃಷಿ ವಿಜ್ಞಾನಿ ಇದಾರೆ. ಇದು ಔಷಧಿ ಹೊಡೆಯೋ ಪಂಪಂತೆ!" ಎಲ್ಲರೂ ಬಿದ್ದು ಬಿದ್ದು ನಕ್ಕರು. "ಯಾವ ಹುಳಕ್ಕಮ್ಮಾ ಔಷಧಿ?" ಎಂದು ಕೇಳಿದೆ.

ಅವಳು ಎದ್ದು ನಿಂತು, ನಾನು ನಿಜವಾಗಿಯೂ ಕೇಳುತ್ತಿದ್ದೇನೆ ಎಂದುಕೊಂಡು ಉತ್ತರ ಕೊಟ್ಟಳು: "ನಮ್ಮ ಕಡೆ ಹತ್ತಿ ಹೊಲದಾಗ ಹಿಂಗ ಇರ್ತದ್ರಿ. ಡ್ರಮ್ಮಿನಾಗ ನೀರು, ಅದಕ ಪೈಪು. ಕಾಯಿ ಕೊರಿಯೋ ಹುಳಕ್ಕ ಹೊಡಿತಾರ್ರಿ." ನಗು ಇನ್ನೂ ಜೋರಾಯಿತು. ಅಂದಿನಿಂದ ಅವಳಿಗೆ 'ಔಷಧಿ ಅಕ್ಕ' ಎಂದು ಹೆಸರಾಯಿತು. ಅಷ್ಟಕ್ಕೇ ಬಿಡಲಿಲ್ಲ ನಾನು. ಒಂದು ವಾರ, ಚಿತ್ರದಲ್ಲಿ ಮೆಷಿನ್ ಗನ್ ಕಂಡಾಗಲೆಲ್ಲ ಅವಳು ಎದ್ದು ನಿಂತು "ಗನ್" ಎಂದು ಹೇಳಿ ಕೂರಬೇಕು ಎಂದು ಮಾಡಿದೆ. ದಿನಕ್ಕೆ ಎಷ್ಟು ಸಲ ಎದ್ದಳೋ ಕೂತಳೋ. ಸಂಜೆಯ ಹೊತ್ತಿಗೆ ಅವಳ ದನಿ ಬಿದ್ದುಹೋಗಿರುತ್ತಿತ್ತು. "ಕೇಳಿಸಲಿಲ್ಲ," ಎನ್ನುತ್ತಿದ್ದೆ.

ಮುಂದಿನ ತಿಂಗಳು ವ್ಯಂಗ್ಯಚಿತ್ರಗಳು ಬಂದವು. ಅವುಗಳಿಗೆ ಡಬ್ಬದ ಜೊತೆಗೆ ಇನ್ನೊಂದು ಕಾಲಮ್ಮು: 'ಹಾಸ್ಯ ಇದೆಯೇ? ಹೌದು / ಇಲ್ಲ.' ವ್ಯಂಗ್ಯಚಿತ್ರವೆಂದ ಮೇಲೆ ಹೌದು ಎಂದೇ ಒತ್ತಬೇಕು, ಯೋಚನೆ ಮಾಡಬೇಕಾದದ್ದೇನೂ ಇಲ್ಲ. ಒಂದು ಚಿತ್ರದಲ್ಲಿ ಡೊಳ್ಳು ಹೊಟ್ಟೆಯ ಅಧಿಕಾರಿಯೊಬ್ಬ ಕುರ್ಚಿ ಹಾಕಿಕೊಂಡು ಕೂತಿದ್ದ. ಒಂದು ಕೈಯಲ್ಲಿ ಚಹಾ ಕಪ್ಪು, ಇನ್ನೊಂದು ಕೈಯಲ್ಲಿ ಮೆಷಿನ್ ಗನ್ನಿನ ಹಿಡಿ. ಎದುರಿಗೆ ಈಟಿ ಹಿಡಿದ ಕಪ್ಪು ಜನ ಸಾಲು ಸಾಲಾಗಿ ಮಗುಚಿ ಬೀಳುತ್ತಿದ್ದರು, ಕಾಲು ಮೇಲೆ, ಕಣ್ಣುಗುಡ್ಡೆ ಹೊರಗೆ. ಅದಕ್ಕೆ ಇವಳು 'ಇಲ್ಲ' ಎಂದು ಒತ್ತಿದ್ದಳು. ಅದೂ ಎರಡು ಸಲ.

ನನ್ನ ಮೈ ಉರಿದುಹೋಯಿತು. ಅವಳ ಮೇಜಿನ ಹತ್ತಿರ ಹೋಗಿ ನಿಂತೆ. "ಏನಮ್ಮಾ, ಹಾಸ್ಯ ಇಲ್ವಾ ಇದರಲ್ಲಿ?"

"ಎಲ್ಲಿ ನಗಬೇಕ್ರಿ ಮೇಡಂ ಇದರಾಗ? ತೋರಿಸ್ರಿ, ಒತ್ತತೀನಿ," ಎಂದಳು. ಧಿಮಾಕಿನಿಂದಲ್ಲ, ನಿಜವಾಗಿಯೂ ಕೇಳಿದಳು. ಅದೇ ನನಗೆ ಇನ್ನೂ ಸಿಟ್ಟು ಬರಿಸಿತು.

"ಎದ್ದೇಳು. ಚಿತ್ರ ನೋಡು. ನೋಡಿದ್ಯಾ? ಈಗ ನಗು."

ಅವಳು ನನ್ನ ಮುಖ ನೋಡಿದಳು, ತಮಾಷೆಯೋ ಏನೋ ಎಂದು. "ನಗಮ್ಮಾ ಬೇಗ, ಎಲ್ಲರ ಟೈಮ್ ವೇಸ್ಟ್ ಆಗ್ತಿದೆ," ಎಂದೆ. ಅವಳು ನಕ್ಕಳು. ಹ್ಹೆ ಹ್ಹೆ ಎಂದು ನಾಲ್ಕು ಸಲ ಗಂಟಲಿನಿಂದ ತೆಗೆದಳು, ಐದನೆಯದಕ್ಕೆ ಕೆಮ್ಮು ಹತ್ತಿಕೊಂಡಿತು. ಮೇಜನ್ನು ಹಿಡಿದು ಬಗ್ಗಿ ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ಆಮೇಲೆ ಕೂತು 'ಹೌದು' ಒತ್ತಿದಳು. ಆಗಿನವರೆಗೆ ಕಿಸಿಕಿಸಿ ಎನ್ನುತ್ತಿದ್ದವರು ತಮ್ಮ ತಮ್ಮ ಪರದೆ ನೋಡತೊಡಗಿದರು. ನನಗೆ ಮಾತ್ರ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು.

ಅಷ್ಟೆಲ್ಲ ಆದ ಮೇಲೆ ಅವಳು ಕೆಲಸ ಕಲಿತಳು, ಕಲಿತದ್ದೂ ಹೇಗೆ! ಪೊದೆಯೊಳಗೆ ಅಡಗಿಸಿಟ್ಟದ್ದು, ಮರಳು ಚೀಲದ ಸಂದಿಯಲ್ಲಿ ಇಣುಕುವುದು, ರೈಲು ಬೋಗಿಯ ನೆರಳಲ್ಲಿ ಇರುವುದು, ಎಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು. ಕಲ್ಲಿನೊಳಗಿನ ಕೂದಲೆಳೆ ಬಿರುಕು ಹುಡುಕಿ ಹುಡುಕಿ ಪಳಗಿದ ಕಣ್ಣು ಅದು. ಒಂದು ಮಧ್ಯಾಹ್ನ ನನ್ನ ಮೇಜಿಗೆ ಬಂದು ಮೆಲ್ಲಗೆ ಹೇಳಿದಳು: "ಮೇಡಂ, ಆ ಸುಟ್ಟ ಊರಿನ ಚಿತ್ರದಾಗ ಮ್ಯಾಲಿನ ಕಿಟಕಿಯೊಳಗ ಇನ್ನೊಂದು ಗನ್ ಐತ್ರಿ. ಎಲ್ಲಾರೂ ಬಿಟ್ಟಾರ." ಎಲ್ಲರೂ ಎಂದರೆ ನಾನೂ ಸೇರಿ. ಅದು ಗೋಲ್ಡ್ ಚಿತ್ರ, ಕೀ ನನ್ನದು. ದೊಡ್ಡದು ಮಾಡಿ ನೋಡಿದೆ. ಇತ್ತು.

ಕೀಯನ್ನು ತಿದ್ದಿ, ನಾನೇ ಕಂಡುಹಿಡಿದೆ ಎಂದು ಮ್ಯಾನೇಜರಿಗೆ ಮೇಲ್ ಹಾಕಿದೆ. ಮ್ಯಾನೇಜರ್ ಎಂದರೆ ವೈಟ್‌ಫೀಲ್ಡಿನಲ್ಲಿ ಕೂತು ನಮ್ಮನ್ನು ಪರದೆಯಲ್ಲೇ ಆಳುತ್ತಿದ್ದ ಮನುಷ್ಯ. ಫೋನ್ ಮಾಡಿದ. "ಗುಡ್ ಕ್ಯಾಚ್ ಮೇಡಂ. ಆದ್ರೆ ಕೀ ಪದೇ ಪದೇ ಚೇಂಜ್ ಆದ್ರೆ ಕ್ಲೈಂಟ್‌ಗೆ ಡೌಟ್ ಬರುತ್ತೆ ಕಣ್ರೀ. ಇನ್ನೊಂದ್ಸಲ ಆದ್ರೆ ಲೀಡ್‌ನೇ ಚೇಂಜ್ ಮಾಡಿ ಅಂತಾರೆ." ಅಂದಿನಿಂದ ಊಟದ ಬಿಡುವಿನಲ್ಲಿ ಅವಳನ್ನು ನನ್ನ ಕುರ್ಚಿಯಲ್ಲಿ, ನನ್ನ ಲಾಗಿನ್ನಿನಲ್ಲಿ ಕೂರಿಸಿದೆ. ಹೊಸ ಕೀಗಳನ್ನು ಹೊರಗೆ ಬಿಡುವ ಮೊದಲು ಅವಳ ಕಣ್ಣು ಹಾಯಿಸಿಕೊಳ್ಳುವುದು ನನ್ನ ಏರ್ಪಾಡು. ಯಾರಿಗೂ ಹೇಳಲಿಲ್ಲ. ಅವಳು ರೊಟ್ಟಿಯನ್ನು ಎಡಗೈಯಲ್ಲಿ ಸುತ್ತಿ ಹಿಡಿದುಕೊಂಡು ಬಲಗೈಯಲ್ಲಿ ಮೌಸ್ ಆಡಿಸುತ್ತಿದ್ದಳು. ನಾನು ನಿಧಾನವಾಗಿ ಅನ್ನ ಸಾರು ಉಣ್ಣುತ್ತಿದ್ದೆ.

ಆದರೆ ಹಳೆಯ ಕೀಗಳು ಆಗಲೇ ಹೊರಗೆ ಓಡಾಡುತ್ತಿದ್ದವು. ಅವುಗಳಲ್ಲಿ ಒಂದು ಅವಳ ಪಾಲಿಗೆ ಬಂತು. ಬೋಳು ಗುಡ್ಡ, ಎರಡು ಡೇರೆ, ಹೇಸರಗತ್ತೆಗಳು, ಸಮವಸ್ತ್ರದ ನಾಲ್ಕೈದು ಜನ. ಮುಂದೆ ಮೂರು ಕಾಲಿನ ಮೇಲೆ ನಿಂತ ಒಂದು ಯಂತ್ರ, ಅದಕ್ಕೆ ಕಣ್ಣಿಟ್ಟು ಬಗ್ಗಿದ ಒಬ್ಬ. ಕೀಯಲ್ಲಿ ನಾನು ಕೆಂಪು ಡಬ್ಬ ಹಾಕಿದ್ದೆ. ದಿನಕ್ಕೆ ಸಾವಿರ ಗನ್ ನೋಡುವ ಕಣ್ಣಿಗೆ ಮೂರು ಕಾಲಿದ್ದದ್ದೆಲ್ಲ ಮೆಷಿನ್ ಗನ್ನೇ. ಇಪ್ಪತ್ತಾರು ಜನ ಕಣ್ಣುಮುಚ್ಚಿಕೊಂಡು ಡಬ್ಬ ಹಾಕಿದ್ದರು. ಇವಳು ಹಾಕಲಿಲ್ಲ. ಮತ್ತೆ ಬಂತು. ಮತ್ತೆ ಹಾಕಲಿಲ್ಲ. ನನ್ನ ಪರದೆಯಲ್ಲಿ ಅವಳ ಐಡಿ ಹಳದಿಯಾಯಿತು: ಇನ್ನೊಂದು ತಪ್ಪು, ಆಮೇಲೆ ಬೀಗ.

ನಾನು ಎದ್ದು ಹೋದೆ. "ಏನೇ ಇದು, ಕಣ್ಣಿಗೇನಾಗಿದೆ ನಿಂಗೆ?"

"ಇದು ಗನ್ ಅಲ್ರಿ ಮೇಡಂ. ಸರ್ವೆ ಮಾಡೋ ಮಷಿನ್ರಿ. ಅಲ್ಲಿ ದೂರ ನೋಡ್ರಿ, ಗುಡ್ಡದ ಮ್ಯಾಲ. ಬರಿಗಾಲಾಗ ಒಬ್ಬಾಂವ ಪಟ್ಟಿ ಪಟ್ಟಿ ಕೋಲು ಹಿಡ್ಕೊಂಡು ನಿಂತಾನ. ಗನ್ನಿನ ಮುಂದ ಯಾರು ಹಿಂಗ ನೆಟ್ಟಗ ನಿಲ್ತಾರ್ರಿ? ಸರ್ಜಾಪುರದಾಗ ಲೇಔಟಿನ್ಯಾಗ ನಾನೂ ಆ ಕೋಲು ಹಿಡ್ಕೊಂಡು ನಿಂತೀನ್ರಿ. ಎಡಕ ಬಾ, ಬಲಕ ಹೋಗು ಅಂತಿದ್ರು."

ನೋಡಿದೆ. ಉಗುರಿನಷ್ಟು ಚಿಕ್ಕ ಮನುಷ್ಯ, ಕಪ್ಪು ಬಿಳಿ ಪಟ್ಟಿಯ ಕೋಲು. ನೋಡಿದ ತಕ್ಷಣ ನನಗೂ ಗೊತ್ತಾಯಿತು. ನನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ನಾನು ಲಂಗ ತೊಡುವ ವಯಸ್ಸಿನಲ್ಲಿ ನಮ್ಮ ರಾಗಿ ಹೊಲವನ್ನು ಅಳೆಯಲು ಬಂದವರು ಇಂಥದ್ದನ್ನೇ ಬದುವಿನ ಮೇಲೆ ನಿಲ್ಲಿಸಿದ್ದರು. ಮಜ್ಜಿಗೆ ಕೊಡಲು ಹೋದವಳಿಗೆ ಅಳೆಯುವವನು ನೋಡು ಬಾ ಎಂದು ಕಣ್ಣಿಡಲು ಬಿಟ್ಟಿದ್ದ. ಒಳಗೆ ನಮ್ಮ ಹೊಲ ತಲೆಕೆಳಗಾಗಿ ಕಂಡಿತ್ತು, ಅಪ್ಪ ಆಕಾಶಕ್ಕೆ ಜೋತುಬಿದ್ದಂತೆ ನಿಂತಿದ್ದ. ಅದೇ ಯಂತ್ರ ಇದು. ಒಂದು ಚೂರೂ ಅನುಮಾನವಿರಲಿಲ್ಲ.

ಸರಿ ಕಣಮ್ಮ, ನನ್ನದೇ ತಪ್ಪು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕೀ ಬದಲಾಯಿಸಿದರೆ ಮ್ಯಾನೇಜರಿಗೆ ಗೊತ್ತಾಗುತ್ತದೆ, ನನ್ನ ಕುರ್ಚಿ ಹೋಗುತ್ತದೆ. "ಅದು ಗನ್ನೇ. ಡಬ್ಬ ಹಾಕು," ಎಂದೆ.

"ಅಲ್ರಿ..."

"ನೋಡು, ಮೂರನೇ ಸಲ ಬರುತ್ತೆ. ಹಾಕದಿದ್ರೆ ನಿನ್ನ ಐಡಿ ಲಾಕಾಗುತ್ತೆ, ನಾಳೆಯಿಂದ ಕಲ್ಲಿನ ಫ್ಯಾಕ್ಟರಿ. ಧೂಳು ಕುಡೀತೀಯೋ, ಡಬ್ಬ ಹಾಕ್ತೀಯೋ?"

ಅವಳು ಸ್ವಲ್ಪ ಹೊತ್ತು ಆ ಉಗುರಿನಷ್ಟು ಮನುಷ್ಯನನ್ನೇ ನೋಡಿದಳು. ಚಿತ್ರ ಮೂರನೇ ಸಲ ಬಂದಾಗ ನಾನು ಅವಳ ಹಿಂದೆಯೇ ನಿಂತಿದ್ದೆ. ಕೆಂಪು ಡಬ್ಬವನ್ನು ಎಳೆದಳು. ನಾನು ಹೇಳಿಕೊಟ್ಟಿದ್ದ ಹಾಗೆಯೇ, ಬಹಳ ಬಿಗಿಯಾಗಿ, ಅಚ್ಚುಕಟ್ಟಾಗಿ ಎಳೆದಳು. ಅವಳ ಐಡಿ ಮತ್ತೆ ಹಸಿರಾಯಿತು.

ಎರಡು ತಿಂಗಳು ಕಳೆದ ಮೇಲೆ ಗ್ರಹಚಾರ ವಕ್ಕರಿಸಿತು. ನಾವು ಕಲಿಸಿದ ಕಂಪ್ಯೂಟರು ಮೂರು ಕಾಲು ಕಂಡಲ್ಲೆಲ್ಲ ಮೆಷಿನ್ ಗನ್ ಎನ್ನಲು ಶುರುಮಾಡಿತ್ತಂತೆ. ಫೋಟೋಗ್ರಾಫರನ ಕ್ಯಾಮೆರಾ, ಶಾಲೆಯ ಕಪ್ಪು ಹಲಗೆಯ ಸ್ಟ್ಯಾಂಡು, ಮದುವೆ ಊಟದ ಅಡುಗೆ ಒಲೆ, ಎಲ್ಲವೂ ಗನ್ನು. ಭಂಡಾರದವರು ಬೇರು ಹುಡುಕುತ್ತ ಹುಡುಕುತ್ತ ಆ ಗುಡ್ಡದ ಚಿತ್ರಕ್ಕೆ ಬಂದು ನಿಂತರು. ಅದರ ಬೆನ್ನ ಮೇಲೆ, ಗಡಿ ಅಳತೆಯ ತಂಡ, ಯಂತ್ರ ಮತ್ತು ಕೋಲು ಹಿಡಿದ ಆಳು ಎಂದು ಆ ಕಾಲದಲ್ಲೇ ಪೆನ್ಸಿಲಿನಲ್ಲಿ ಬರೆದಿತ್ತಂತೆ. ಮ್ಯಾನೇಜರ್ ವಿಡಿಯೋ ಕಾಲ್ ಮಾಡಿದ. ಮುಖ ಕೆಂಪಗಾಗಿತ್ತು. "ಮೇಡಂ, ದೊಡ್ಡ ಎಸ್ಕಲೇಷನ್ ಆಗಿದೆ, ಕ್ಲೈಂಟ್ ನಮ್ಮ ಮೇಲಿನವರಿಗೇ ಕಂಪ್ಲೇಂಟ್ ಮಾಡಿದಾರೆ. ಈ ಕೀ ಯಾರು ಹಾಕಿದ್ದು?"

ನಾನು ಮೀಟಿಂಗ್ ರೂಮಿನ ಬಾಗಿಲು ಹಾಕಿಕೊಂಡೇ ಮಾತಾಡುತ್ತಿದ್ದೆ. ಗಾಜಿನಾಚೆ ಅವಳು ತನ್ನ ಮೇಜನ್ನು ಒರೆಸುತ್ತಿದ್ದುದು ಕಾಣುತ್ತಿತ್ತು. ನನ್ನ ಬಾಯಿಂದ ಮಾತು ತಾನೇ ಬಂದುಬಿಟ್ಟಿತು ಎನ್ನಲಾರೆ, ಯೋಚಿಸಿಯೇ ಹೇಳಿದೆ. "ಸಾರ್, ಔಷಧಿ ಅಕ್ಕ ಅಂತ ಕರೀತೀವಿ, ಒಬ್ಬಳು ಇದಾಳೆ, ಅವಳು ಊಟದ ಟೈಮಲ್ಲಿ ನನ್ನ ಸೀಟಲ್ಲಿ ಕೂತ್ಕೋತಿದ್ಲು. ಪಾಪ ಕಲೀಲಿ ಅಂತ ಬಿಟ್ಟಿದ್ದೆ. ನನ್ನ ಲಾಗಿನ್‌ನಲ್ಲಿ ಏನೇನ್ ಮುಟ್ಟಿದ್ಲೋ. ನಂಬಿ ಕೆಟ್ಟೆ ಸಾರ್."

ಅವಳನ್ನು ಒಳಗೆ ಕರೆದೆ. ಮ್ಯಾನೇಜರ್ ಪರದೆಯಿಂದ ಎರಡೇ ಪ್ರಶ್ನೆ ಕೇಳಿದ. ನಾನು ಏನು ಹೇಳಿದ್ದೆ ಎಂಬುದನ್ನು ಅವಳ ಮುಂದೆ ಅವನು ಎತ್ತಲಿಲ್ಲ.

"ಲೀಡ್ ಸೀಟಲ್ಲಿ ಕೂತು ಕೆಲಸ ಮಾಡ್ತಿದ್ರಾ?"

ಅವಳು ನನ್ನ ಕಡೆ ನೋಡಿದಳು. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ. ನನ್ನನ್ನು ಸಿಕ್ಕಿಸಬಾರದು ಎಂದುಕೊಂಡಳೋ ಏನೋ, "ಹೌದ್ರಿ. ನಾನೇ ಕುಂದರ್ತಿದ್ದೆ. ಮೇಡಂ ಏನೂ ಅಂದಿಲ್ರಿ," ಎಂದಳು.

"ಈ ಚಿತ್ರಕ್ಕೆ ಮೊದಲು ಗನ್ ಇಲ್ಲ ಅಂತ ಹಾಕಿ, ಆಮೇಲೆ ಗನ್ ಅಂತ ಹಾಕಿದ್ದೀರಿ. ನೀವೇ ತಾನೇ?"

"ಹೌದ್ರಿ. ನಾನೇ."

ಎರಡೂ ನಿಜವೇ. ಕೀ ಹಾಕಿದ ತಾರೀಖು ಯಾವುದು ಎಂದು ಅವನು ತೆಗೆದು ನೋಡಲಿಲ್ಲ, ಅವನಿಗೆ ಮೇಲಿನವರಿಗೆ ಹೇಳಲು ಒಂದು ಹೆಸರು ಸಿಕ್ಕರೆ ಸಾಕಾಗಿತ್ತು. ಹತ್ತು ನಿಮಿಷದಲ್ಲಿ ಅವಳ ಐಡಿ ಸತ್ತುಹೋಯಿತು. ಒಬ್ಬಳೂ ತುಟಿ ಪಿಟಕ್ ಎನ್ನಲಿಲ್ಲ, ಎಲ್ಲರಿಗೂ ಅವರವರ ಕುರ್ಚಿಯ ಚಿಂತೆ. ಮೆಟ್ಟಿಲವರೆಗೆ ನಾನೇ ಬಿಡಲು ಹೋದೆ. "ತುಂಬ ಹೇಳಿ ನೋಡಿದೆ ಕಣಮ್ಮ ನಿನ್ ಪರವಾಗಿ. ಮೇಲಿನವರು ಕೇಳಲಿಲ್ಲ," ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. "ನನಗ ಗೊತ್ತೈತ್ರಿ ಮೇಡಂ. ಕೆಲಸ ಕಲಿಸಿದವ್ರು ನೀವು. ಬ್ಯಾರೆ ಕಡೆ ಫಾರ್ಮ್ ತುಂಬ್ತೀನ್ರಿ. ಹಿಂದಿನ ಮೇಡಂ ನಂಬರ್ ಕೇಳ್ತಾರಂತ. ನಿಮ್ದು ಕೊಡ್ಲೇನ್ರಿ?"

"ಕೊಡು ಕೊಡು," ಎಂದೆ. ಅವಳು ಹೋದರೆ ಸಾಕಾಗಿತ್ತು ನನಗೆ.

ಮೂರು ವಾರದ ನಂತರ ಒಂದು ಬೆಳಿಗ್ಗೆ, ಹೊಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದಾಗ ಫೋನ್ ಬಂತು. ವೈಟ್‌ಫೀಲ್ಡಿನ ಇನ್ನೊಂದು ಕಂಪನಿ, ಇದೇ ತರಹದ ಚಿತ್ರ ಗುರುತಿಸುವ ಕೆಲಸ. ಹುಡುಗಿಯೊಬ್ಬಳು ಗಿಣಿಯ ಹಾಗೆ ಪ್ರಶ್ನೆ ಓದಿದಳು. ಟೈಮಿಗೆ ಬರ್ತಿದ್ರಾ? ಬರ್ತಿದ್ರು. ನಡತೆ? ಒಳ್ಳೇದು. ಕೊನೆಯ ಪ್ರಶ್ನೆ: "ಟೆಸ್ಟಲ್ಲಿ ಅವರೇ ಟಾಪ್ ಮೇಡಂ. ನೀವಾಗಿದ್ರೆ ಇವರನ್ನ ಮತ್ತೆ ಕೆಲಸಕ್ಕೆ ತಗೋತೀರಾ? ಯೆಸ್ ಆರ್ ನೋ ಹೇಳಿ ಸಾಕು."

ಯೆಸ್ ಎಂದರೆ ಅವಳು ಎಸಿ ರೂಮಿನಲ್ಲಿ ಕೂರುತ್ತಾಳೆ, ಉಸಿರಾಡುತ್ತಾಳೆ. ಆದರೆ ಆ ಲೋಕ ಚಿಕ್ಕದು. ನಮ್ಮ ಮ್ಯಾನೇಜರಿಗೂ ಅಲ್ಲಿ ಗೆಳೆಯರಿದ್ದರು. ನಾಳೆ ಚಹಾ ಕುಡಿಯುತ್ತ ಅವಳು, ನಮ್ಮ ಮೇಡಂ ಗನ್ ಅಂತ ಹೇಳಿ ಹಾಕಿಸಿದ್ರು ಎಂದುಬಿಟ್ಟರೆ? ಅದು ಒಂದು ಕಾರಣ. ಇನ್ನೊಂದೂ ಇತ್ತು: ಅವಳೇ ಟಾಪ್ ಎಂದು ಕೇಳಿದಾಗ ನನಗೆ ಹೊಟ್ಟೆ ಉರಿಯಿತು. ಸಿಗ್ನಲ್ ಹಸಿರಾಯಿತು, ಹಿಂದಿನವರು ಹಾರ್ನ್ ಹೊಡೆಯತೊಡಗಿದರು.

"ನೋ," ಎಂದೆ.

"ಥ್ಯಾಂಕ್ಯೂ ಮೇಡಂ, ಹ್ಯಾವ್ ಎ ನೈಸ್ ಡೇ," ಎಂದು ಆ ಹುಡುಗಿ ಫೋನ್ ಇಟ್ಟಳು. ನಾನು ಗಾಡಿ ಎತ್ತಿಕೊಂಡು ಆಫೀಸಿಗೆ ಹೋದೆ. ಆ ದಿನ ಕೆಲಸ ಚೆನ್ನಾಗಿಯೇ ನಡೆಯಿತು.

ಹತ್ತು ದಿನ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಅವಳ ಫೋನ್ ಬಂತು. ಹಿಂದೆ ಕರ್ರೋ ಎಂದು ಕಲ್ಲು ಉಜ್ಜುವ ಸದ್ದು. ಮಾತು ಕೇಳಿಸಲು ಅವಳು ಕಿರುಚಬೇಕಾಗಿತ್ತು, ಕಿರುಚಿದಾಗಲೆಲ್ಲ ಕೆಮ್ಮು ಬರುತ್ತಿತ್ತು. "ಮೇಡಂ, ಆರಾಮದೀರೇನ್ರಿ? ವೈಟ್‌ಫೀಲ್ಡಿನವರು ನಿಮಗ ಫೋನ್ ಮಾಡಿದ್ರೇನ್ರಿ?"

"ಇಲ್ಲವಲ್ಲ. ಯಾವ ಫೋನೂ ಬಂದಿಲ್ಲ," ಎಂದೆ.

"ಹಂಗಾದ್ರ ಇನ್ನೂ ನೋಡಾಕತ್ತಾರ್ರಿ ಅವ್ರು," ಎಂದಳು. ದನಿಯಲ್ಲಿ ಜೀವ ಬಂದಿತ್ತು. "ಮನ್ಯಾಗ ಕುಂತ್ರ ನಡಿಯಂಗಿಲ್ಲ ನೋಡ್ರಿ, ಅದಕ್ಕ ಅಲ್ಲೀತನಕ ಇಲ್ಲೇ ಬಂದೀನ್ರಿ. ಬಾಯಿಗೆ ಹಸಿ ಬಟ್ಟಿ ಕಟ್ಕೊಂತೀನಿ. ನಾಲ್ಕು ದಿನದ ಮಾತು." ಮತ್ತೆ ಕೆಮ್ಮಿದಳು. ಈ ಸಲ ಬಹಳ ಹೊತ್ತು. ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ.

ನನಗೇ ಬೇಜಾರಾಗಿದೆ ಎಂದುಕೊಂಡಳು. "ನೀವ್ಯಾಕ ಸಪ್ಪಗಾದ್ರಿ ಮೇಡಂ? ಚಿಂತಿ ಮಾಡಬ್ಯಾಡ್ರಿ. ಫೋನ್ ಬಂದೇ ಬರ್ತದ. ಬಂದಾಗ ನೀವು ಒಂದು ಛಲೋ ಮಾತು ಹೇಳೀರಂದ್ರ ಸಾಕು, ನಾ ಇಲ್ಲಿಂದ ಬಿಡ್ತೀನಿ."

"ಹೇಳ್ತೀನಿ ಕಣಮ್ಮ," ಎಂದೆ.